ಬಂಧನವಾದಾಗ ಮೊದಲ ಫೋನ್ ಯಾರಿಗೆ?

ಪೊಲೀಸರು ಮಗನನ್ನು ಕರೆದೊಯ್ದರು ಎಂಬ ಸುದ್ದಿ ಮನೆಗೆ ಮುಟ್ಟಿದರೆ ನಮ್ಮ ಚಿಕ್ಕೋಡಿ ಭಾಗದಲ್ಲಿ ಮೊದಲ ಫೋನ್ ಹೋಗುವುದು ಪಂಚಾಯಿತಿ ಸದಸ್ಯರಿಗೆ. ಅವರು ಎತ್ತದಿದ್ದರೆ ಸಕ್ಕರೆ ಕಾರ್ಖಾನೆಯ ಯಾರಾದರೂ ಡೈರೆಕ್ಟರಿಗೆ. ಅದೂ ಆಗದಿದ್ದರೆ ಶಾಸಕರ ಹಿಂದೆ ಮುಂದೆ ಓಡಾಡುವವರಿಗೆ. ‘ಸಾಹೇಬ್ರ, ಪಿಎಸ್‌ಐಗೆ ಒಂದ್ ಮಾತ್ ಹೇಳ್ರಿ, ನಮ್ಮ ಹುಡುಗ ಅಂಥಾಂವ ಅಲ್ರಿ.’ ರಾತ್ರಿ ಇದರಲ್ಲೇ ಕಳೆಯುತ್ತದೆ. ಮರುದಿನ ಹುಡುಗನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಹೊತ್ತಿಗೆ ಅವನ ಪರ ಮಾತಾಡಲು ವಕೀಲರಿಲ್ಲ, ಮನೆಯವರ ಕೈಯಲ್ಲಿ ಎಫ್‌ಐಆರ್ ಪ್ರತಿ ಇಲ್ಲ, ಯಾವ ಕಲಂ ಹಾಕಿದ್ದಾರೆ ಅನ್ನುವುದೇ ಗೊತ್ತಿಲ್ಲ.

ಮುಖಂಡರ ಫೋನಿಗೆ ಬೆಲೆಯೇ ಇಲ್ಲ ಎಂದರೆ ಈ ಭಾಗದಲ್ಲಿ ಯಾರೂ ನಂಬಲಾರರು. ಊಟ ಕೊಟ್ಟಿದ್ದಾರೋ, ಹೊಡೆದಿದ್ದಾರೋ ಎಂದು ವಿಚಾರಿಸಲು ಅದು ಉಪಯೋಗಕ್ಕೆ ಬಂದೀತು. ಆದರೆ ಎಫ್‌ಐಆರ್ ಒಮ್ಮೆ ದಾಖಲಾಯಿತೆಂದರೆ ಅದನ್ನು ಹರಿದು ಹಾಕುವ ಅಧಿಕಾರ ಪಿಎಸ್‌ಐಗೂ ಇಲ್ಲ, ಎಸ್‌ಪಿಗೂ ಇಲ್ಲ. ಗಂಭೀರ ಅಪರಾಧದಲ್ಲಿ ಬಿಡುವ ನಿರ್ಧಾರ ಕೋರ್ಟಿನದು. ಕೋರ್ಟಿನಲ್ಲಿ ಬಾಯಿ ತೆರೆಯಬಲ್ಲವರು ವಕೀಲರು. ಹಾಗಾಗಿ ಮೊದಲ ಫೋನ್ ಅವರಿಗೇ ಹೋಗಬೇಕು ಎಂಬುದು ಈ ಲೇಖನದ ವಾದ.

ಇದಕ್ಕೆ ಕಾರಣ 24 ಗಂಟೆಯ ಲೆಕ್ಕ. ಸಂವಿಧಾನದ 22ನೇ ವಿಧಿಯ ಪ್ರಕಾರ ಬಂಧಿಸಿದವರನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಯಾಕೆ ಬಂಧಿಸಿದ್ದೇವೆಂದು ತಿಳಿಸಬೇಕು, ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು. ಈ ವಿಧಿಗೂ ನಮ್ಮ ನಿಪ್ಪಾಣಿಗೂ ದೂರದ ನಂಟೊಂದಿದೆ. 1925ರ ಏಪ್ರಿಲ್‌ನಲ್ಲಿ ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತಿಗೆಂದು ನಿಪ್ಪಾಣಿಗೆ ಬಂದಿದ್ದ ಯುವ ಬ್ಯಾರಿಸ್ಟರ್ ಅಂಬೇಡ್ಕರ್ ಅವರೇ 1949ರ ಸೆಪ್ಟೆಂಬರ್‌ನಲ್ಲಿ ಸಂವಿಧಾನ ಸಭೆಯ ಮುಂದೆ ಈ ವಿಧಿಯನ್ನು ಇಟ್ಟವರು. ವ್ಯಕ್ತಿ ಸ್ವಾತಂತ್ರ್ಯದ ವಿಧಿಯನ್ನು ಸಭೆ ಸಡಿಲಗೊಳಿಸಿತ್ತು. ಆ ನಷ್ಟವನ್ನು ಒಂದಿಷ್ಟಾದರೂ ತುಂಬಿಕೊಡಲು ಇದನ್ನು ತಂದಿದ್ದೇನೆ ಎಂಬರ್ಥದಲ್ಲಿ ಅವರು ಅಂದು ಮಾತಾಡಿದ್ದರು. ಭಾನುವಾರ ಬಂದರೂ, ದೀಪಾವಳಿ ಬಂದರೂ 24 ಗಂಟೆಯ ಲೆಕ್ಕ ನಿಲ್ಲುವುದಿಲ್ಲ. ರಜೆ ಇದ್ದರೆ ನ್ಯಾಯಾಧೀಶರ ಮನೆಗೇ ಕರೆದೊಯ್ಯುತ್ತಾರೆ. ವಕೀಲರು ಆ ಬಾಗಿಲಲ್ಲಿ ಇರಬೇಕಾದರೆ ಅವರಿಗೆ ಹಿಂದಿನ ರಾತ್ರಿಯೇ ಸುದ್ದಿ ಮುಟ್ಟಿರಬೇಕು.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಂಬರುಗಳು ಬದಲಾದವು, ಬಂಧನದ ಮೂಲ ನಿಯಮಗಳು ಬಹುಮಟ್ಟಿಗೆ ಹಾಗೇ ಉಳಿದವು. ಬಂಧಿಸುವಾಗ ಪೊಲೀಸರ ಹೆಸರು ಕಾಣುವಂತಿರಬೇಕು. ಬಂಧನದ ಮೆಮೊ ಬರೆದು, ಮನೆಯವರ ಅಥವಾ ಊರಿನ ಗಣ್ಯರೊಬ್ಬರ ಸಹಿ ಹಾಕಿಸಬೇಕು. ಬಂಧಿತ ಹೇಳಿದ ನೆಂಟರಿಗೋ ಗೆಳೆಯರಿಗೋ ಸುದ್ದಿ ಕೊಡಬೇಕು. ವೈದ್ಯರಿಂದ ತಪಾಸಣೆ ಮಾಡಿಸಬೇಕು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಸಾಮಾನ್ಯವಾಗಿ ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬೇಕು. ಹೊಸದಾಗಿ ಸೇರಿದ್ದೊಂದು ಉಪಕಾರಿ ನಿಯಮವಿದೆ: ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು ಅಥವಾ ಅಶಕ್ತರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿರದ ಅಧಿಕಾರಿಯ ಒಪ್ಪಿಗೆ ಬೇಕು. ಹೊಲದ ಬಾಂದಿನ ಜಗಳದಲ್ಲಿ ಅಜ್ಜನನ್ನೂ ಸೇರಿಸಿ ದೂರು ಕೊಡುವುದು ನಮ್ಮಲ್ಲಿ ರೂಢಿ. ಅಂಥ ಮನೆಗಳು ಇದನ್ನು ನೆನಪಿಡಬೇಕು.

ಠಾಣೆಗೆ ಕರೆದದ್ದೆಲ್ಲ ಬಂಧನವಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಾರಣ ಬರೆಯದೆ ಯಾಂತ್ರಿಕವಾಗಿ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಅಂಥಲ್ಲಿ ಪೊಲೀಸರು ಹೊಸ ಸಂಹಿತೆಯ 35ನೇ ಕಲಮಿನಡಿ ಹಾಜರಾಗಲು ನೋಟಿಸು ಕೊಡುತ್ತಾರೆ. ನೋಟಿಸಿನಂತೆ ಹೋಗಿ ತನಿಖೆಗೆ ಸಹಕರಿಸುವವರೆಗೆ, ವಿಶೇಷ ಕಾರಣ ಬರೆಯದ ಹೊರತು ಬಂಧಿಸುವಂತಿಲ್ಲ. ಹೆದರಿ ಪುಣೆಗೋ ಗೋವಾಕ್ಕೋ ಓಡಿಹೋದರೆ ಆ ರಕ್ಷಣೆಯನ್ನು ಕೈಯಾರೆ ಕಳೆದುಕೊಂಡಂತೆ. ಈ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ. ಇನ್ನು ವಿಡಿಯೊ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್ ಮಾಡೀವಿ, ಫೋನ್ ಇಡಬ್ಯಾಡ್ರಿ’ ಅನ್ನುವವರು ಪೊಲೀಸರೇ ಅಲ್ಲ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ನಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ 2025ರಲ್ಲಿ ವೃದ್ಧ ದಂಪತಿ ಇಂಥ ವಂಚಕರಿಗೆ ಹಣ ತೆತ್ತು, ಕಡೆಗೆ ಜೀವವನ್ನೇ ಕಳೆದುಕೊಂಡರು.

ಬಂಧನ ನಿಜವೇ ಆಗಿದ್ದರೆ ಮನೆಯವರು ಮೊದಲು ಕೇಳಬೇಕಾದ್ದು ಎರಡೇ: ಯಾವ ಠಾಣೆ, ಯಾವ ಕಲಂ. ಖಡಕಲಾಟ, ಸದಲಗಾ, ಅಂಕಲಿ, ಕುಡಚಿ, ಹಾರೂಗೇರಿ, ಐಗಳಿ ಎಂದು ನಮ್ಮಲ್ಲಿ ಠಾಣೆಗಳು ಹತ್ತಿರ ಹತ್ತಿರ. ಊರು ಒಂದು ಠಾಣೆಯ ಹದ್ದಿನಲ್ಲಿದ್ದು ಘಟನೆ ಇನ್ನೊಂದರಲ್ಲಿ ನಡೆದಿರುತ್ತದೆ. ಮನೆಯವರು ಒಂದು ಕಡೆ, ಆರೋಪಿ ಇನ್ನೊಂದು ಕಡೆ ಆಗುವುದು ಹೊಸದೇನಲ್ಲ. ಬಂಧಿತರ ಹೆಸರು, ವಿಳಾಸ, ಆರೋಪದ ಮಾಹಿತಿ ಇಟ್ಟುಕೊಳ್ಳಲು ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗಿಂತ ಕೆಳಗಿರದ ಅಧಿಕಾರಿಯೊಬ್ಬರು ಇರಬೇಕು ಎನ್ನುತ್ತದೆ ಕಾನೂನು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯಲ್ಲಿ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು 2016ರಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿದೆ. ಪ್ರಕರಣ ಯಾವ ಕೋರ್ಟಿಗೆ ಹೋಗುತ್ತದೆಂಬುದು ಎಫ್‌ಐಆರ್ ಹಾಳೆಯಲ್ಲೇ ನಮೂದಾಗಿರುತ್ತದೆ. ನಿಪ್ಪಾಣಿ ಮತ್ತು ಕಾಗವಾಡ ಹೊಸ ತಾಲೂಕುಗಳು, ಮೊದಲು ಚಿಕ್ಕೋಡಿ ಮತ್ತು ಅಥಣಿಯ ಭಾಗಗಳು. ಆದ್ದರಿಂದ ತಹಸೀಲ್ದಾರ್ ಕಚೇರಿ ಎಲ್ಲಿದೆಯೋ ಕೋರ್ಟೂ ಅಲ್ಲೇ ಎಂದು ಊಹಿಸದೆ ಆ ಸಾಲನ್ನು ಓದಿಕೊಳ್ಳುವುದು ಲೇಸು.

ಕಲಂ ಯಾಕೆ ಮುಖ್ಯ ಎಂದರೆ ಜಾಮೀನಿನ ದಾರಿ ಅಲ್ಲೇ ಕವಲೊಡೆಯುತ್ತದೆ. ಕೆಲವು ಅಪರಾಧಗಳಲ್ಲಿ ಜಾಮೀನು ಹಕ್ಕು. ಕೇಳಿದರೆ, ಷರತ್ತಿನಂತೆ ಜಾಮೀನು ಒದಗಿಸಿದರೆ, ಠಾಣೆಯಲ್ಲೇ ಬಿಡಬೇಕು. ಸಾದಾ ಹೊಡೆದಾಟ, ಬೈದಾಟ, ಚೆಕ್ ಬೌನ್ಸ್ ಈ ಗುಂಪಿನವು. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರಿಗೆ ಬೈಕ್ ಬಡಿದು ಸಾವಾದರೆ ಚಾಲಕನ ಮೇಲೆ ಬೀಳುವ ನಿರ್ಲಕ್ಷ್ಯದ ಸಾವಿನ ಪ್ರಕರಣ ಕೂಡ, ಐದು ವರ್ಷದವರೆಗೆ ಶಿಕ್ಷೆ ಇದ್ದರೂ, ಇದೇ ಗುಂಪಿಗೆ ಸೇರಿದ್ದು. ಗುದ್ದಿ ಓಡಿಹೋದವರಿಗೆ ಹತ್ತು ವರ್ಷ ಎಂದು ಹೊಸ ಕಾನೂನಿನಲ್ಲಿ ಬರೆದಿರುವುದು ಸುಳ್ಳಲ್ಲ. ಆದರೆ ಆ ಉಪಕಲಮನ್ನು ಸರ್ಕಾರ ಜಾರಿಗೆ ತರದೆ ತಡೆಹಿಡಿದಿದೆ. ಜಾಮೀನು ಹಕ್ಕಾಗಿರುವ ಕಡೆ ಜಾಮೀನುದಾರರು ಸಿಗದೆ ವಾರ ಕಳೆದರೆ, ಆತ ಬಡವನೆಂದೇ ಪರಿಗಣಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು.

ಕಳವು, ಮಾರಕಾಸ್ತ್ರದಿಂದ ತೀವ್ರ ಗಾಯ, ಕೊಲೆಯತ್ನ, ಕೊಲೆ ಇವು ಜಾಮೀನುರಹಿತ. ಈ ಪದ ಕೇಳಿ ಜಾಮೀನು ಸಿಗುವುದೇ ಇಲ್ಲವೆಂದು ಎದೆ ಒಡೆದುಕೊಳ್ಳುವವರನ್ನು ಕೋರ್ಟಿನ ಆವರಣದಲ್ಲಿ ದಿನಾ ಕಾಣಬಹುದು. ಸಿಗುತ್ತದೆ, ಆದರೆ ನ್ಯಾಯಾಧೀಶರ ವಿವೇಚನೆಯಿಂದ. ಆರೋಪಿ ಓಡಿಹೋಗುತ್ತಾನೆಯೇ, ಸಾಕ್ಷಿಗಳನ್ನು ಹೆದರಿಸುತ್ತಾನೆಯೇ, ಹಿಂದೆ ಪ್ರಕರಣಗಳಿವೆಯೇ, ತನಿಖೆಗೆ ಆತ ಇನ್ನೂ ಬೇಕೇ ಎಂದು ನೋಡುತ್ತಾರೆ. ಹೆಂಗಸರು, ಮಕ್ಕಳು, ಕಾಯಿಲೆಯವರ ವಿಷಯದಲ್ಲಿ ಕಾನೂನು ಒಂದಿಷ್ಟು ಮೆದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧವಾದರೆ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಕೈಯಲ್ಲಿ ಇರುವುದಿಲ್ಲ, ಸೆಷನ್ಸ್ ಕೋರ್ಟಿಗೆ ಹೋಗಬೇಕು. ಬೆಳಗಾವಿಯ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವೊಂದು ಚಿಕ್ಕೋಡಿಯಲ್ಲೇ ಕೂರುವುದರಿಂದ ಪ್ರತಿ ಅರ್ಜಿಗೂ ಬೆಳಗಾವಿ ಬಸ್ಸು ಹತ್ತಬೇಕಿಲ್ಲ. ಅಲ್ಲೂ ಆಗದಿದ್ದರೆ ಧಾರವಾಡದ ಹೈಕೋರ್ಟ್ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಈ ಪೀಠ ಇಲ್ಲದ ಕಾಲದಲ್ಲಿ ಅಥಣಿಯವರು ಒಂದು ಜಾಮೀನಿಗೆ ಬೆಂಗಳೂರಿನವರೆಗೆ ಹೋಗಬೇಕಿತ್ತು. ಬಂಧನ ಆಗಬಹುದೆಂಬ ಭಯವಿದ್ದರೆ ಮೊದಲೇ ಕೇಳುವ ನಿರೀಕ್ಷಣಾ ಜಾಮೀನು ಕೂಡ ಸೆಷನ್ಸ್ ಅಥವಾ ಹೈಕೋರ್ಟಿನಲ್ಲೇ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ಮೇಲುನೋಟಕ್ಕೇ ಅಪರಾಧ ಕಂಡುಬಂದರೆ ಅದು ಸಿಗದು. ಗಾಂಜಾ ಪ್ರಕರಣಗಳಲ್ಲಿ ಸಿಕ್ಕ ಪ್ರಮಾಣ ವಾಣಿಜ್ಯ ಮಟ್ಟ ಮುಟ್ಟಿದರೆ ಸಾದಾ ಜಾಮೀನೂ ಕಠಿಣ.

ಈಗ ವಕೀಲರ ಮಾತು. ವಕೀಲರು ಜಾಹೀರಾತು ಕೊಡುವಂತಿಲ್ಲ ಎಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಹಾಗಾಗಿ ಗೋಡೆ ಮೇಲಿನ ದೊಡ್ಡ ಬೋರ್ಡು, ಫೋನಿನಲ್ಲಿ ಬರುವ ಪ್ರಚಾರ ಇವುಗಳಿಂದ ಯಾರ ಯೋಗ್ಯತೆಯನ್ನೂ ಅಳೆಯಲಾಗದು. ಠಾಣೆ ಬಾಗಿಲಲ್ಲೋ ಕೋರ್ಟಿನ ಚಹಾ ಅಂಗಡಿಯಲ್ಲೋ ‘ನಮ್ಮ ವಕೀಲರ ಕಡೆ ಬರ್ರಿ, ಸಂಜೀ ತನಕ ಬಿಡಿಸಿ ಕೊಡ್ತೀವಿ’ ಅನ್ನುವ ದಲ್ಲಾಳಿಯ ಹಿಂದೆ ಹೋಗುವುದಂತೂ ಬೇಡ. ಇಂಥ ದಲ್ಲಾಳಿಗಳನ್ನು ಗುರುತಿಸಿ ಕೋರ್ಟಿನ ಆವರಣದಿಂದ ಹೊರಗಿಡಲು ವಕೀಲರ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯನ್ನೇ ತಂದಿದ್ದಾರೆ. ನೇರ ದಾರಿ ತಾಲೂಕು ವಕೀಲರ ಸಂಘದ ಕಚೇರಿ. ಕ್ರಿಮಿನಲ್ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸುವವರು ಯಾರು ಎಂದು ಅಲ್ಲಿ ಇಬ್ಬರು ಮೂವರನ್ನು ಕೇಳಿದರೆ ಒಂದೆರಡು ಹೆಸರು ಮತ್ತೆ ಮತ್ತೆ ಬರುತ್ತವೆ. ಹೊಲದ ಪಾಲಿನ ದಾವೆಯನ್ನು ಇಪ್ಪತ್ತು ವರ್ಷದಿಂದ ನಡೆಸಿದ ಮನೆಯ ವಕೀಲರು ಸಂಕೋಚದಿಂದ ಒಪ್ಪಿಕೊಳ್ಳಬಹುದು. ಅವರನ್ನೇ ‘ಕ್ರಿಮಿನಲ್ಲಿಗೆ ಯಾರು ಛಲೋ?’ ಎಂದು ಕೇಳಿ. ಅವರು ಕೊಡುವ ಹೆಸರು ಬಹುತೇಕ ಸರಿಯಿರುತ್ತದೆ.

ಬೆಳಗಾವಿಯ ದೊಡ್ಡ ವಕೀಲರೇ ಬೇಕು ಎಂಬ ಹಟವನ್ನು ಮೊದಲ ದಿನಕ್ಕೆ ಇಟ್ಟುಕೊಳ್ಳಬಾರದು. ರಾಯಬಾಗದ ಕೋರ್ಟಿನಲ್ಲಿ ಆ ಹೊತ್ತಿಗೆ ನಿಲ್ಲಬಲ್ಲವರು ರಾಯಬಾಗದಲ್ಲೇ ಇರುವ ವಕೀಲರು. ಎಷ್ಟು ಹೊತ್ತಿಗೆ ಹಾಜರುಪಡಿಸುತ್ತಾರೆ, ಅಭಿಯೋಜಕರ ತಕರಾರು ಎಂದು ಬರುತ್ತದೆ, ನಕಲು ಎಲ್ಲಿ ಸಿಗುತ್ತದೆ ಎಂಬುದು ಅವರಿಗೆ ಗೊತ್ತು. ಮುಂದೆ ಸೆಷನ್ಸಿಗೋ ಧಾರವಾಡಕ್ಕೋ ಹೋಗುವಾಗ ಇನ್ನೊಬ್ಬರನ್ನು ಸೇರಿಸಿಕೊಳ್ಳಲು ಅಡ್ಡಿಯಿಲ್ಲ. ಫೀಯನ್ನು ಮೊದಲೇ ಮಾತಾಡಿಕೊಳ್ಳಿ. ಈ ಮೊತ್ತ ಜಾಮೀನು ಅರ್ಜಿಗೆ ಮಾತ್ರವೋ ವಿಚಾರಣೆ ಮುಗಿಯುವವರೆಗೋ, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಆಗದಿದ್ದರೆ ಮೇಲಿನ ಕೋರ್ಟಿಗೆ ಬೇರೆಯೋ, ಅವರೇ ಬರುತ್ತಾರೋ ಜೂನಿಯರ್ ಬರುತ್ತಾರೋ ಕೇಳಿ. ಕೇಳಿದರೆ ಒಳ್ಳೆಯ ವಕೀಲರು ಬೇಸರಪಡುವುದಿಲ್ಲ. ‘ಜಾಮೀನು ಗ್ಯಾರಂಟಿ’ ಎಂದವರಿಂದ ಎದ್ದು ಬನ್ನಿ. ಫಲಿತಾಂಶಕ್ಕೆ ಕಟ್ಟಿದ ಫೀ ಒಪ್ಪಿಕೊಳ್ಳುವುದನ್ನೇ ಪರಿಷತ್ತಿನ ನಿಯಮ ನಿಷೇಧಿಸಿದೆ. ‘ಸಾಹೇಬ್ರಿಗೆ ಕೊಡಬೇಕು’ ಎಂದು ಹೆಚ್ಚಿನ ಹಣ ಕೇಳಿದರೆ ಆ ಹಣ ಯಾವ ಸಾಹೇಬರಿಗೂ ಮುಟ್ಟದೆ ನಡುವೆಯೇ ಕರಗುವುದು ಹೆಚ್ಚು, ಮುಟ್ಟಿದರೆ ಕೊಟ್ಟವನೂ ಅಪರಾಧಿ.

ಫೀ ಕೊಡಲು ಶಕ್ತಿ ಇಲ್ಲದಿದ್ದರೆ? ಕಾನೂನು ಸೇವಾ ಪ್ರಾಧಿಕಾರಗಳ 1987ರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಪ್ರತಿಯೊಬ್ಬರೂ ಉಚಿತ ವಕೀಲರಿಗೆ ಅರ್ಹರು, ಆದಾಯದ ಮಿತಿ ನೋಡುವುದಿಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೂ ಹಾಗೆಯೇ. ತಾಲೂಕು ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ, ಬೆಳಗಾವಿಯಲ್ಲಿ ಜಿಲ್ಲಾ ಪ್ರಾಧಿಕಾರ. 15100ಕ್ಕೆ ಫೋನ್ ಮಾಡಿದರೂ ಆಯಿತು. ಪುಕ್ಕಟೆ ವಕೀಲರು ಕೆಲಸ ಮಾಡುವುದಿಲ್ಲ ಎಂಬ ಮಾತು ಬೀಡಿ ಕಟ್ಟುವ ತಾಯಂದಿರ ಬಾಯಲ್ಲೂ ಇದೆ. ಅದು ಹಿಂದೆ ಪೂರ್ತಿ ಸುಳ್ಳಾಗಿರಲಿಲ್ಲ. 2022ರ ನಂತರ ಜಿಲ್ಲಾ ಮಟ್ಟದಲ್ಲಿ ಕ್ರಿಮಿನಲ್ ಪ್ರಕರಣಗಳಿಗೆಂದೇ ಪೂರ್ಣಾವಧಿಯ ಡಿಫೆನ್ಸ್ ಕೌನ್ಸೆಲ್‌ಗಳನ್ನು ನೇಮಿಸುವ ವ್ಯವಸ್ಥೆ ಬಂದಿದೆ. ಅವರು ಖಾಸಗಿ ಪ್ರಕರಣ ಹಿಡಿಯುವಂತಿಲ್ಲ. ಸಾಲ ಮಾಡಿ ಮೂರನೇ ದರ್ಜೆಯ ವಕೀಲಿಕೆ ಕೊಳ್ಳುವುದಕ್ಕಿಂತ ಅವರನ್ನು ಕೇಳುವುದು ಮೇಲು ಎಂದು ನನಗನ್ನಿಸುತ್ತದೆ.

ಊರೇ ಎದುರು ನಿಂತಾಗ ವಕೀಲರು ಸಿಗದೆ ಹೋಗುವುದೂ ಉಂಟು. ಇದಕ್ಕೆ ಹತ್ತಿರದ ಉದಾಹರಣೆ ಹುಬ್ಬಳ್ಳಿಯದು. 2020ರ ಫೆಬ್ರುವರಿಯಲ್ಲಿ ಕಾಶ್ಮೀರದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಒಂದು ವಿಡಿಯೊ ಕಾರಣಕ್ಕೆ ರಾಜದ್ರೋಹದ ಆರೋಪದಲ್ಲಿ ಬಂಧಿಸಲಾಯಿತು. ಅವರ ಪರ ಯಾರೂ ವಕಾಲತ್ತು ಹಾಕಬಾರದೆಂದು ಅಲ್ಲಿನ ವಕೀಲರ ಸಂಘ ಠರಾವು ಮಾಡಿತು. ಬೆಂಗಳೂರಿನಿಂದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಬಂದು ಧಾರವಾಡದಲ್ಲಿ ಅರ್ಜಿ ಹಾಕಬೇಕಾಯಿತು. ಹೈಕೋರ್ಟ್ ಕಟುವಾಗಿ ತರಾಟೆಗೆ ತೆಗೆದುಕೊಂಡ ಮೇಲೆ ಸಂಘ ಹಿಂದೆ ಸರಿಯಿತು. ಇಂಥ ಠರಾವುಗಳಿಗೆ ಕಾನೂನಿನ ಬೆಲೆಯೇ ಇಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ತಮಿಳುನಾಡಿನ ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿಯಾಗಿತ್ತು. ಆ ವಿದ್ಯಾರ್ಥಿಗಳ ಅರ್ಜಿ ಮೊದಲು ವಜಾ ಆಯಿತು. ಜೂನ್‌ನಲ್ಲಿ ಜಾಮೀನು ಸಿಕ್ಕಿತು, ಅದೂ ಆರೋಪದ ಹುರುಳಿನ ಮೇಲಲ್ಲ. ಪೊಲೀಸರು ನಿಗದಿತ ದಿನಗಳೊಳಗೆ ಚಾರ್ಜ್‌ಶೀಟ್ ಸಲ್ಲಿಸಿರಲಿಲ್ಲ, ಅಷ್ಟೇ.

ಈ ಕೊನೆಯ ದಾರಿ ನಮ್ಮ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧವಾದರೆ ಸಾಮಾನ್ಯವಾಗಿ 90 ದಿನ, ಉಳಿದವಕ್ಕೆ 60 ದಿನ. ಅಷ್ಟರೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಎಂಥ ಆರೋಪವಿದ್ದರೂ ಜಾಮೀನು ಹಕ್ಕಾಗುತ್ತದೆ. ದಿನಗಳ ಎಣಿಕೆ ಶುರುವಾಗುವುದು ಮ್ಯಾಜಿಸ್ಟ್ರೇಟರು ಮೊದಲ ಬಾರಿಗೆ ಕಸ್ಟಡಿಗೆ ಒಪ್ಪಿಸಿದ ದಿನದಿಂದ. ಹಕ್ಕು ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ, ಅರ್ಜಿ ಹಾಕಬೇಕು. ಅರ್ಜಿ ಹಾಕುವ ಮೊದಲೇ ಚಾರ್ಜ್‌ಶೀಟ್ ಬಂತೆಂದರೆ ಅವಕಾಶ ಹೋಯಿತು. ಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಗುರುತು ಹಾಕಿ, ಹಿಂದಿನ ವಾರವೇ ವಕೀಲರಿಗೆ ನೆನಪಿಸಿ. ವಿಚಾರಣೆ ಮುಗಿಯದೆ ವರ್ಷಗಟ್ಟಲೆ ಹಿಂಡಲಗಾ ಜೈಲಿನಲ್ಲಿರುವವರಿಗೆ ಇನ್ನೊಂದು ಬಾಗಿಲಿದೆ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಕಳೆದಿದ್ದರೆ ಬಿಡುಗಡೆ ಕೇಳಬಹುದು, ಹಿಂದೆ ಎಂದೂ ಶಿಕ್ಷೆಯಾಗಿರದ ಮೊದಲ ಬಾರಿಯ ಆರೋಪಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸದು, ಒಂದಕ್ಕಿಂತ ಹೆಚ್ಚು ಪ್ರಕರಣ ಇದ್ದವರಿಗೂ ತೊಡಕುಂಟು.

ಜಾಮೀನು ಆದೇಶ ಬಂದ ಮೇಲೇ ನಮ್ಮ ಕಡೆ ನಿಜವಾದ ಪರದಾಟ ಶುರು. ಆದೇಶದಲ್ಲಿ ‘ಐವತ್ತು ಸಾವಿರ ರೂಪಾಯಿಯ ವೈಯಕ್ತಿಕ ಬಾಂಡ್ ಮತ್ತು ಅಷ್ಟೇ ಮೊತ್ತದ ಒಬ್ಬ ಜಾಮೀನುದಾರ’ ಎಂದು ಬರೆದಿರುತ್ತದೆ. ಅದನ್ನು ಕೇಳಿದ ತಂದೆ ಐವತ್ತು ಸಾವಿರ ಕಟ್ಟಬೇಕೆಂದು ತಿಳಿದು ಸೊಸೈಟಿಗೆ, ಅಡತಿ ಅಂಗಡಿಗೆ, ಕಡೆಗೆ ಹೆಂಡತಿಯ ಮಾಂಗಲ್ಯಕ್ಕೆ ಕೈ ಹಾಕುತ್ತಾನೆ. ಕಟ್ಟಬೇಕಿಲ್ಲ. ಆರೋಪಿ ಕರೆದಾಗ ಬರದಿದ್ದರೆ ಅಷ್ಟು ಹಣ ತೆರುತ್ತೇವೆಂಬ ಮಾತನ್ನು ಕಾಗದದಲ್ಲಿ ಬರೆದುಕೊಡುವುದೇ ಬಾಂಡ್. ಕೋರ್ಟು ನಗದು ಠೇವಣಿಗೆ ಅವಕಾಶ ಕೊಟ್ಟಾಗ ಮಾತ್ರ ಹಣ ಕಟ್ಟುವ ಪ್ರಶ್ನೆ, ಅದಕ್ಕೂ ರಸೀದಿ ಉಂಟು, ಷರತ್ತು ಮೀರದಿದ್ದರೆ ಮುಗಿದ ಮೇಲೆ ವಾಪಸು ಉಂಟು. ‘ಜಾಮೀನಿನ ರೊಕ್ಕ’ ಎಂದು ಯಾರಾದರೂ ರಸೀದಿಯಿಲ್ಲದೆ ಕೇಳಿದರೆ ಅದು ಕೋರ್ಟಿಗೆ ಹೋಗುವ ಹಣವಲ್ಲ.

ಹಾಗಿದ್ದರೆ ಕೋರ್ಟು ನೋಡುವುದೇನನ್ನು? ಜಾಮೀನುದಾರನಿಗೆ ಆ ಮೊತ್ತ ತೆರುವ ಶಕ್ತಿ ಇದೆಯೇ ಎಂದು. ನಮ್ಮಲ್ಲಿ ಅದರ ಪುರಾವೆ ಹೊಲದ ಉತಾರ, ಅಂದರೆ ಪಹಣಿ. ಜೊತೆಗೆ ಆಧಾರ್, ಫೋಟೊ, ಪ್ರಮಾಣಪತ್ರ. ತೊಡಕು ಇಲ್ಲೇ. ಅಜ್ಜ ಸತ್ತು ಹದಿನೈದು ವರ್ಷವಾಗಿದ್ದರೂ ವಾರಸಾ ಆಗಿರುವುದಿಲ್ಲ, ಉತಾರ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ. ಇಲ್ಲವೇ ಐದು ಅಣ್ಣತಮ್ಮಂದಿರ ಜಂಟಿ ಖಾತೆ, ಯಾರ ಪಾಲು ಎಷ್ಟೆಂದು ಕಾಗದ ಹೇಳುವುದಿಲ್ಲ. ಇಲ್ಲವೇ ಸೊಸೈಟಿ ಸಾಲದ ಬೋಜಾ ಹೊಲದ ಬೆಲೆಯನ್ನೇ ನುಂಗಿರುತ್ತದೆ. ಕೋರ್ಟು ಒಪ್ಪದೆ ಹಿಂದಕ್ಕೆ ಕಳಿಸಿದಾಗ ಬಾಡಿಗೆ ಜಾಮೀನುದಾರರು ಮುಂದೆ ಬರುತ್ತಾರೆ, ಒಂದಿಷ್ಟು ಸಾವಿರಕ್ಕೆ ಯಾವುದೋ ಊರಿನ ಉತಾರ ಹಿಡಿದು. ಈ ಬಲೆಗೆ ಬೀಳಬೇಡಿ. ಈಗಾಗಲೇ ಎಷ್ಟು ಜನರಿಗೆ ಜಾಮೀನು ನಿಂತಿದ್ದೇನೆಂದು ಜಾಮೀನುದಾರ ಘೋಷಿಸಬೇಕು. ಸುಳ್ಳು ಹೊರಬಿದ್ದರೆ ಅವನ ಮೇಲೂ ಪ್ರಕರಣ, ನಿಮ್ಮ ಜಾಮೀನೂ ರದ್ದು. ವಕೀಲರು ಅರ್ಜಿ ಬರೆಯುತ್ತಿರುವಾಗಲೇ ಮನೆಯವರು ಸ್ವಂತ ಹೆಸರಿನ ಉತಾರ ಇರುವ ಸೋದರಮಾವನನ್ನೋ ಬೀಗರನ್ನೋ ಒಪ್ಪಿಸಿ ಇಟ್ಟುಕೊಳ್ಳಬೇಕು. ಹಾಗೆ ಮಾಡಿದವರು ಆದೇಶವಾದ ಮರುದಿನವೇ ಮನೆಗೆ ಬಂದಿರುತ್ತಾರೆ, ಮಾಡದವರು ಆದೇಶ ಕೈಯಲ್ಲಿದ್ದೂ ವಾರಗಟ್ಟಲೆ ಒಳಗೇ ಇರುತ್ತಾರೆ. ಜಾಮೀನು ನಿಂತವರಿಗೂ ಒಂದು ಮಾತು. ಆರೋಪಿ ತಲೆಮರೆಸಿಕೊಂಡರೆ ನೋಟಿಸು ಬರುವುದು ನಿಮಗೆ, ದಂಡವೂ ನಿಮಗೆ. ಅವನ ಮೇಲೆ ನಂಬಿಕೆ ಕಳೆದುಕೊಂಡರೆ ತನ್ನನ್ನು ಬಿಡುಗಡೆ ಮಾಡಿರೆಂದು ಕೋರ್ಟಿಗೆ ಅರ್ಜಿ ಕೊಡುವ ಹಕ್ಕು ನಿಮಗಿದೆ.

ನವೆಂಬರಿನಿಂದ ಮಾರ್ಚಿನವರೆಗೆ ಕಬ್ಬು ಕಡಿಯಲು ಬೀಡ್ ಕಡೆಯಿಂದ, ವಿಜಯಪುರ ಕಡೆಯಿಂದ ಬರುವ ಗ್ಯಾಂಗಿನವರ ಪಾಡು ಇನ್ನೂ ಕಷ್ಟ. ಉಗಾರದ ಹೊಲದಂಚಿನ ಗುಡಿಸಲಲ್ಲಿರುವವನಿಗೆ ಈ ತಾಲೂಕಿನಲ್ಲಿ ಉತಾರ ಎಲ್ಲಿಂದ ಬರಬೇಕು? ಇಂಥವರಿಗಾಗಿಯೇ ಬರೆದಂತಿದೆ 1978ರ ಮೋತಿರಾಂ ತೀರ್ಪು. ಮಧ್ಯಪ್ರದೇಶದ ಗೌಂಡಿ ಮೋತಿರಾಮನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿದ್ದರೂ ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರದ ಜಾಮೀನು ಕೇಳಿದರು, ತಮ್ಮ ಮುಂದೆ ಬಂದ ಅವನ ಸಹೋದರನನ್ನು ಬೇರೆ ಜಿಲ್ಲೆಯ ಆಸ್ತಿ ಎಂಬ ಕಾರಣಕ್ಕೆ ತಿರಸ್ಕರಿಸಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಒಪ್ಪಲಿಲ್ಲ. ದೂರದ ಊರಿನಲ್ಲಿ ಸಿಕ್ಕಿಬಿದ್ದ ಕನ್ನಡಿಗನೋ ಮಲಯಾಳಿಯೋ ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತರುತ್ತಾನೆ ಎಂಬ ಅರ್ಥದ ಪ್ರಶ್ನೆ ಕೇಳಿ, ಒಂದು ಸಾವಿರದ ಸ್ವಂತ ಬಾಂಡಿನ ಮೇಲೆ ಬಿಡಲು ಹೇಳಿದರು. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇನ್ನಷ್ಟು ಸ್ಪಷ್ಟ ನಿರ್ದೇಶನ ಕೊಟ್ಟಿತು. ಜಾಮೀನು ಆದೇಶದ ಪ್ರತಿ ಅಂದೇ ಅಥವಾ ಮರುದಿನ ಜೈಲಿಗೆ ಹೋಗಬೇಕು. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಒದಗಿಸಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಷರತ್ತು ಬಿಡುಗಡೆ ತಡವಾಗಲು ಒಂದು ಕಾರಣ ಎಂದೂ ಗುರುತಿಸಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗಾಗಿ ತಂದ ಯೋಜನೆಯಲ್ಲಿ ವಿಚಾರಣಾಧೀನ ಕೈದಿಯ ಜಾಮೀನಿಗೆ ಹಣದ ನೆರವು ಸಿಗುತ್ತದೆ, ಕೆಲವು ಗಂಭೀರ ಅಪರಾಧಗಳನ್ನು ಬಿಟ್ಟು. ಕೇಳುವವರಿಲ್ಲದೆ ಉಳಿದುಹೋಗುವ ಯೋಜನೆಗಳಲ್ಲಿ ಇದೂ ಒಂದಾಗಬಾರದು.

ಹೋರಾಟಗಳ ನೆಲದಲ್ಲಿ ಇನ್ನೊಂದು ಬಗೆಯ ಬಂಧನವನ್ನೂ ತಿಳಿದಿರಬೇಕು. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲಿ ಕೂತರು, 2025ರ ನವೆಂಬರ್‌ನಲ್ಲಿ ಕಬ್ಬಿನ ದರಕ್ಕಾಗಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಕೂತರು. ಇಂಥ ಹೊತ್ತಿನಲ್ಲಿ ಶಾಂತಿಭಂಗ ಆದೀತೆಂದು ಮುಂಜಾಗ್ರತೆಯಾಗಿ ಹಿಡಿದರೆ, ಬೇರೆ ಕಾನೂನಿನ ಆಧಾರವಿಲ್ಲದೆ 24 ಗಂಟೆ ಮೀರಿ ಇಡುವಂತಿಲ್ಲ. ಜನ ಇಂದಿಗೂ ‘107 ಕೇಸು’ ಎನ್ನುವ ಶಾಂತಿಪಾಲನೆಯ ಬಾಂಡು ಹೊಸ ಸಂಹಿತೆಯಲ್ಲಿ 126 ಆಗಿದೆ. ಅದು ನಡೆಯುವುದು ಸಾಮಾನ್ಯವಾಗಿ ತಹಸೀಲ್ದಾರರ ಮುಂದೆ. ಅದು ಅಪರಾಧದ ಆರೋಪವಲ್ಲ, ಅಲ್ಲಿ ಬಾಂಡ್ ಬರೆದುಕೊಟ್ಟರೆ ತಪ್ಪು ಒಪ್ಪಿಕೊಂಡಂತೆಯೂ ಅಲ್ಲ.

ಇನ್ನು ಗಡಿ. ನಿಪ್ಪಾಣಿಯವರ ಸಂತೆ, ಸಂಬಂಧ, ದವಾಖಾನೆ ಕೊಲ್ಹಾಪುರದಲ್ಲಿ, ಕಾಗವಾಡದವರದು ಮಿರಜ್‌ನಲ್ಲಿ, ಬೋರಗಾಂವದವರದು ಇಚಲಕರಂಜಿಯಲ್ಲಿ. ಹಾಗಾಗಿ ಪ್ರಕರಣಗಳೂ ಗಡಿ ದಾಟುತ್ತವೆ. ಮಹಾರಾಷ್ಟ್ರದ ಪೊಲೀಸರು ಇಲ್ಲಿಗೆ ಬಂದು ಬಂಧಿಸಿದರೆ, 24 ಗಂಟೆಯಲ್ಲಿ ತಮ್ಮ ಕೋರ್ಟು ಮುಟ್ಟಲಾಗದಿದ್ದಲ್ಲಿ ಇಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಕರೆದೊಯ್ಯಲು ಅನುಮತಿ ಪಡೆಯಬೇಕು. ಅಲ್ಲಿ ಎಫ್‌ಐಆರ್ ಆಗಿದ್ದು ಇಲ್ಲಿರುವವರಿಗೆ ಬಂಧನದ ಭಯವಿದ್ದರೆ, ಅಲ್ಲಿನ ಕೋರ್ಟು ಮುಟ್ಟುವವರೆಗೆ ಸೀಮಿತ ಕಾಲದ ನಿರೀಕ್ಷಣಾ ಜಾಮೀನನ್ನು ಇಲ್ಲಿನ ಸೆಷನ್ಸ್ ಕೋರ್ಟೇ ಕೊಡಬಹುದೆಂದು ಸುಪ್ರೀಂ ಕೋರ್ಟ್ 2023ರ ನವೆಂಬರ್‌ನಲ್ಲಿ ಹೇಳಿತು. ಆ ಪ್ರಶ್ನೆ ಮೇಲೆ ಹೋದದ್ದು ಬೆಂಗಳೂರು ಮತ್ತು ರಾಜಸ್ಥಾನದ ನಡುವಿನ ಪ್ರಿಯಾ ಇಂದೋರಿಯಾ ಪ್ರಕರಣದಿಂದ, ಆದರೆ ಅದರ ಉಪಯೋಗ ಗಡಿಯವರಿಗೇ ಹೆಚ್ಚು. 2025ರ ಆಗಸ್ಟ್‌ನಿಂದ ಬಾಂಬೆ ಹೈಕೋರ್ಟಿನ ಸಂಚಾರಿ ಪೀಠ ಕೊಲ್ಹಾಪುರದಲ್ಲೇ ಕೂರುತ್ತಿದೆ. ಕೊಲ್ಹಾಪುರ, ಸಾಂಗಲಿ ಜಿಲ್ಲೆಗಳ ಪ್ರಕರಣದಲ್ಲಿ ಸಿಕ್ಕ ನಮ್ಮವರು ಹೈಕೋರ್ಟಿಗೆಂದು ಮುಂಬೈ ರೈಲು ಹತ್ತಬೇಕಿಲ್ಲ.

ಭಾಷೆಯ ವಿಷಯದಲ್ಲಿ 2025ರ ನವೆಂಬರ್ 6ರ ಮಿಹಿರ್ ರಾಜೇಶ್ ಶಾ ತೀರ್ಪು ಈ ಭಾಗಕ್ಕೆ ಬಹಳ ದೊಡ್ಡದು. ಬಂಧನದ ಕಾರಣವನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಆಗಿಂದಾಗ್ಗೆ ಸಾಧ್ಯವಾಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಬರಹ ಕೈಗೆ ಕೊಡಬೇಕು. ಇಲ್ಲದಿದ್ದರೆ ಬಂಧನವೇ ಅಕ್ರಮ. ತೆಲಸಂಗದ ಕನ್ನಡದ ರೈತನಿಗೆ ಮಿರಜ್ ಠಾಣೆಯಲ್ಲಿ ಮರಾಠಿ ಕಾಗದ, ಗಡಿಯಂಚಿನ ಮರಾಠಿ ಮನೆಮಾತಿನ ಹೆಂಗಸಿಗೆ ನಿಪ್ಪಾಣಿಯಲ್ಲಿ ಕನ್ನಡ ಕಾಗದ ಕೊಟ್ಟು ಸಹಿ ಮಾಡಿಸಿಕೊಂಡರೆ, ಅವರಿಗೆ ಆ ಲಿಪಿ ಓದಲು ಬಾರದಿದ್ದಲ್ಲಿ, ಈ ನಿಯಮ ಪಾಲಿಸಿದಂತಾಗದು. ಅದನ್ನು ಕೋರ್ಟಿಗೆ ಮೊದಲ ಹಾಜರಿಯಲ್ಲೇ ಹೇಳಬೇಕು, ಹೇಳಿದ್ದು ಆ ದಿನದ ಆದೇಶದಲ್ಲಿ ದಾಖಲಾಗುವಂತೆ ವಕೀಲರು ನೋಡಿಕೊಳ್ಳಬೇಕು.